ನಮ್ಮ ಸಭೆಯ ಹಳೆಯ ಭವನದೊಳಗೆ ಧ್ವನಿಮುದ್ರಣ ಸ್ಟುಡಿಯೊ ಕಟ್ಟಬಹುದೇ? ತಿಳಿದವರು ಹೇಳಬೇಕು

ಕಾರ್ಯದರ್ಶಿ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ಬಸವನಗುಡಿ ಕಡೆಯ ಒಂದು ಸಣ್ಣ ಸಂಗೀತ ಸಭೆಯ ಕಾರ್ಯದರ್ಶಿ. ವಿಷಯ ಇನ್ನೂ ಸಮಿತಿಯ ಮುಂದಿರುವುದರಿಂದ ಸಭೆಯ ಹೆಸರು ಬರೆಯುತ್ತಿಲ್ಲ.

ನಮ್ಮ ಭವನವನ್ನು ಸ್ವಾತಂತ್ರ್ಯಕ್ಕೆ ಮೊದಲು ಬಡಾವಣೆಯವರೇ ಚಂದಾ ಎತ್ತಿ ಕಟ್ಟಿಸಿದರು. ಇಟ್ಟಿಗೆ ಗೋಡೆಗೆ ಸುಣ್ಣದ ಗಾರೆ, ತೇಗದ ತೊಲೆ, ಮೇಲೆ ಮಂಗಳೂರು ಹೆಂಚು, ಹೆಂಚಿನ ಕೆಳಗೆ ಹಲಗೆಯ ಒಳಚಾವಣಿ. ಉದ್ದ 18 ಮೀಟರ್, ಅಗಲ 12, ಎತ್ತರ ಸರಾಸರಿ 7. ಮುನ್ನೂರು ಮಡಚುವ ಕುರ್ಚಿ ಹಾಕಬಹುದು. ಮೈಕ್ ಕೆಟ್ಟ ದಿನ ಇಲ್ಲಿ ಕಚೇರಿ ನಿಂತದ್ದಿಲ್ಲ. ಹಾಡುಗಾರರು ಮೈಕನ್ನು ಪಕ್ಕಕ್ಕೆ ಸರಿಸಿ ಮುಂದುವರಿಸುತ್ತಾರೆ, ಕೊನೆಯ ಸಾಲಿನವರಿಗೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳುತ್ತದೆ.

ಹಳೆಯ ಸದಸ್ಯರೊಬ್ಬರ ಮಕ್ಕಳು ತಂದೆಯ ನೆನಪಿಗಾಗಿ ದೊಡ್ಡ ಮೊತ್ತ ಕೊಡಲು ಮುಂದೆ ಬಂದಿದ್ದಾರೆ. ಆ ಹಣದಲ್ಲಿ ಭವನದೊಳಗೆ ಧ್ವನಿಮುದ್ರಣ ಸ್ಟುಡಿಯೊ ಆಗಬೇಕು ಎಂಬುದು ಅವರ ಆಸೆ. ಗುತ್ತಿಗೆದಾರರೊಬ್ಬರು ನಕ್ಷೆಯನ್ನೂ ತಂದಿದ್ದಾರೆ: ಸಭಾಂಗಣದ ಹಿಂಭಾಗದ ಮೂರನೇ ಒಂದು ಪಾಲಿಗೆ ಅಡ್ಡಗೋಡೆ ಎತ್ತಿ ಗಾಜು ಕೂಡಿಸುವುದು, ಉಳಿದ ಗೋಡೆಗಳಿಗೆ ಫೋಮ್ ಅಂಟಿಸುವುದು, ಹಲಗೆಯ ಕೆಳಗೆ ಜಿಪ್ಸಮ್ ಚಾವಣಿ ಇಳಿಬಿಡುವುದು. ಮೂರು ವಾರಗಳಲ್ಲಿ ಸಮಿತಿ ತೀರ್ಮಾನಿಸಬೇಕು.

ಸ್ಟುಡಿಯೊ ಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ಕಾರಣ ಇದೆ. ಎರಡು ವರ್ಷಗಳ ಹಿಂದೆ ಎಂಬತ್ತು ದಾಟಿದ ವಿದ್ವಾಂಸರೊಬ್ಬರು ನಮ್ಮಲ್ಲಿ ಎರಡು ಗಂಟೆ ತೋಡಿ ರಾಗ ಹಾಡಿದರು. ಅವರು ಈಗಿಲ್ಲ. ಆ ಸಂಜೆಯದು ಎಂದು ನಮ್ಮ ಬಳಿ ಉಳಿದಿರುವುದು ಯಾರೋ ಮಡಿಲಲ್ಲಿಟ್ಟುಕೊಂಡ ಮೊಬೈಲಿನ ಒಂದು ಕಡತ. ಅದರಲ್ಲಿ ಫ್ಯಾನಿನ ಸದ್ದೇ ಮುಂದು, ತೋಡಿ ಹಿಂದು. ಇನ್ನೊಮ್ಮೆ ಹೀಗಾಗಬಾರದು. ಆದರೆ ಆ ನಕ್ಷೆ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗೊತ್ತಿರುವವರು ದಯವಿಟ್ಟು ಮಾರ್ಗ ತೋರಿಸಿ.

ಹಳೆಯ ಕೇಳುಗ, ಚಾಮರಾಜಪೇಟೆ

ಅಮ್ಮಾ, ಅಡ್ಡಗೋಡೆ ಬೇಡವೇ ಬೇಡ. ಒಮ್ಮೆ ಎದ್ದ ಗೋಡೆಯನ್ನು ಇಳಿಸುವವರು ಆಮೇಲೆ ಸಿಗುವುದಿಲ್ಲ.

ತಿರುಮಕೂಡಲು ಚೌಡಯ್ಯನವರು ಏಳು ತಂತಿಯ ಪಿಟೀಲು ಏಕೆ ಮಾಡಿಸಿಕೊಂಡರು ಎಂಬುದನ್ನು ನೆನೆಯಿರಿ. ಮೈಕ್ ಇಲ್ಲದ ದಿನಗಳಲ್ಲಿ ಹಿಂದೆ ಕುಳಿತವನಿಗೂ ನಾದ ಮುಟ್ಟಲಿ ಎಂದು. ವಾದ್ಯ ಹಾಗೆ ಬೆಳೆದಂತೆಯೇ ಆ ಕಾಲದ ಸಭಾಂಗಣಗಳೂ ಕಿವಿಗಾಗಿ ಬೆಳೆದವು. ನಿಮ್ಮ ಭವನದ ಎತ್ತರ, ಆ ಹಲಗೆ, ಆ ಗಾರೆ ಎಲ್ಲ ಸೇರಿ ಒಂದು ವಾದ್ಯ. ತಂಬೂರಿಯ ಬುರುಡೆಯನ್ನು ಮೂರನೇ ಒಂದು ಪಾಲು ಕೊಯ್ದು ಅದರಲ್ಲಿ ಯಂತ್ರ ಇಡುತ್ತೇವೆ ಎಂದರೆ ಒಪ್ಪುತ್ತೀರಾ?

ನಮ್ಮ ಊರಿನಲ್ಲಿ ಕಳೆದುಕೊಂಡದ್ದು ಸಾಕು. ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣ 2017ರಲ್ಲಿ ನೆಲಸಮವಾದಾಗ ನಾನು ಬೆಳಗಿನ ನಡಿಗೆಗೆ ಹೋದವನು ಅಲ್ಲೇ ನಿಂತುಬಿಟ್ಟಿದ್ದೆ.

ಶಬ್ದ ಅಳೆಯುವವನು

ಕಟ್ಟಡಗಳ ಧ್ವನಿ ವಿನ್ಯಾಸ ನನ್ನ ವೃತ್ತಿ. ಮೊದಲು ಫೋಮಿನ ವಿಷಯ. ಗೋಡೆಗೆ ಫೋಮ್ ಅಂಟಿಸಿದರೆ ಹೊರಗಿನ ಸದ್ದು ಒಳಗೆ ಬರುವುದು ನಿಲ್ಲುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಸದ್ದನ್ನು ತಡೆಯುವುದು ತೂಕ. ಗೋಡೆಯ ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಫೋಮಿಗೆ ತೂಕವೇ ಇಲ್ಲ. ಅದು ಒಳಗಿನ ಮೊಳಗಿನಲ್ಲಿ ತಾರಸ್ವರಗಳನ್ನು ಮಾತ್ರ ಹೀರಿಕೊಳ್ಳುತ್ತದೆ, ಮಂದ್ರವನ್ನು ಹಾಗೆಯೇ ಬಿಡುತ್ತದೆ. ಪಿಟೀಲಿನ ಹೊಳಪು ಹೋಗುತ್ತದೆ, ಮೃದಂಗದ ಎಡಮುಚ್ಚಿಗೆಯ ಗುಮ್ಮೆನ್ನುವಿಕೆ ಮಾತ್ರ ಕೋಣೆಯಲ್ಲಿ ಸುತ್ತುತ್ತದೆ. ಇದ್ದುದಕ್ಕಿಂತ ಕೆಟ್ಟ ಸ್ಥಿತಿ ಅದು.

ನಕ್ಷೆಗೆ ಒಪ್ಪುವ ಮೊದಲು ಎರಡು ಅಳತೆ ಮಾಡಿಸಿ. ಒಂದು, ಖಾಲಿ ಸಭಾಂಗಣದಲ್ಲಿ ದೊಡ್ಡ ಬಲೂನು ಒಡೆದು ಅದರ ಮೊಳಗನ್ನು ಮುದ್ರಿಸಿಕೊಳ್ಳಿ. ಆ ಮೊಳಗು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತೇ ಅನುರಣನ ಕಾಲ. ಎರಡು, ಸಂಜೆ ಏಳಕ್ಕೆ ಮತ್ತು ರಾತ್ರಿ ಹನ್ನೊಂದೂವರೆಗೆ, ಫ್ಯಾನ್ ದೀಪ ಎಲ್ಲ ಆರಿಸಿ, ಹಿನ್ನೆಲೆ ಸದ್ದು ಎಷ್ಟಿದೆ ನೋಡಿ. ಕಡತ ಕಳುಹಿಸಿದರೆ ಲೆಕ್ಕ ಮಾಡಿಕೊಡುತ್ತೇನೆ. ಇದಕ್ಕೆ ಹಣ ಬೇಡ.

ಗಿಟಾರ್, ಮಲ್ಲೇಶ್ವರ

ಹಿರಿಯರ ನೋವು ಅರ್ಥವಾಗುತ್ತದೆ. ಆದರೂ ನಾನು ಸ್ಟುಡಿಯೊದ ಪರ ಮಾತನಾಡಲೇಬೇಕು.

ನನಗೆ ಇಪ್ಪತ್ತಾರು ವರ್ಷ. ಕನ್ನಡದಲ್ಲೇ ಹಾಡು ಕಟ್ಟುವ ನಾಲ್ವರ ತಂಡ ನಮ್ಮದು. ನಮ್ಮಂಥವರಿಗೆ ಈ ಊರಿನಲ್ಲಿ ಜೀವವಿರುವ ಒಂದು ದೊಡ್ಡ ಕೋಣೆಯಲ್ಲಿ ನಾಲ್ಕೂ ಜನ ಒಟ್ಟಿಗೆ ನುಡಿಸಿ ಮುದ್ರಿಸಲು ಜಾಗವಿಲ್ಲ. ಸಿಗುವವೆಲ್ಲ ಅಪಾರ್ಟ್‌ಮೆಂಟಿನ ಹತ್ತು ಅಡಿಯ ಕೋಣೆಗಳು. ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡುಗಳಿಗೆ ಮದ್ರಾಸಿಗೆ ರೈಲು ಹತ್ತಬೇಕಿತ್ತು. ಇಲ್ಲಿಯೇ ಆಗಬೇಕು ಎಂಬ ಹಟದಿಂದ ಶಂಕರನಾಗ್ ಸಂಕೇತ್ ಸ್ಟುಡಿಯೊ ಕಟ್ಟಿದರು. ಅಂಥ ಹಟ ಈಗಲೂ ಬೇಕಾಗಿದೆ.

ಇನ್ನು ಭವನದ ಖರ್ಚು. ವರ್ಷಕ್ಕೆ ಎಷ್ಟು ಕಚೇರಿ ನಡೆಯುತ್ತವೆ, ಮೇಡಂ? ಉಳಿದ ದಿನಗಳಲ್ಲಿ ಹೆಂಚು ತಿರುವಿಸುವ ಖರ್ಚು, ವಿದ್ಯುತ್ ಬಿಲ್ಲು, ಕಾವಲುಗಾರನ ಸಂಬಳ ಎಲ್ಲಿಂದ ಬರುತ್ತದೆ? ಬಳಕೆಯಿಲ್ಲದ ಕಟ್ಟಡ ತಾನಾಗಿಯೇ ಬೀಳುತ್ತದೆ.

ಕಾರ್ಯದರ್ಶಿ, ಬಸವನಗುಡಿ

ವರ್ಷಕ್ಕೆ ನಲವತ್ತರ ಆಸುಪಾಸು. ಉಳಿದ ದಿನಗಳಲ್ಲಿ ನಾಮಕರಣ, ಸೀರೆ ಮಾರಾಟ. ಬರೆಯಲು ಸಂಕೋಚವಾಗುತ್ತದೆ, ಆದರೆ ಹೆಂಚಿನ ರಿಪೇರಿಯ ಹಣ ಬರುವುದು ಸೀರೆ ಮಾರಾಟದಿಂದಲೇ. ನಿಮ್ಮ ಮಾತು ಸರಿಯಾದ ಜಾಗಕ್ಕೆ ತಗುಲಿತು.

ಬಲೂನು ಒಡೆದೆವು. ಕಡತ ಕಳುಹಿಸಿದ್ದೇನೆ. ಹಿನ್ನೆಲೆ ಸದ್ದು ಸಂಜೆ ಏಳಕ್ಕೆ 52 ಡೆಸಿಬೆಲ್, ರಾತ್ರಿ ಹನ್ನೊಂದೂವರೆಗೆ 33.

ಶಬ್ದ ಅಳೆಯುವವನು

ಕಡತ ನೋಡಿದೆ. ಮಧ್ಯಸ್ವರಗಳ ಮಟ್ಟದಲ್ಲಿ ಅನುರಣನ 2.2 ಸೆಕೆಂಡ್. ಮೊಳಗು ಏಕಪ್ರಕಾರವಾಗಿ, ನಡುವೆ ಎಲ್ಲಿಯೂ ಮುಕ್ಕಾಗದೆ ಇಳಿಯುತ್ತದೆ. ಇಷ್ಟು ಚೆಂದದ ಇಳಿತವನ್ನು ನಾನು ನೋಡಿ ಬಹಳ ವರ್ಷಗಳಾದವು.

ಸಬೈನ್ ಸೂತ್ರದ ಲೆಕ್ಕ ಸರಳ. ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಹೀರುವ ಮೈಯ ವಿಸ್ತಾರದಿಂದ ಭಾಗಿಸಿದರೆ ಅನುರಣನ ಕಾಲ ಬರುತ್ತದೆ. ನಿಮ್ಮ ಗಾತ್ರ 1,512 ಘನ ಮೀಟರ್. ಖಾಲಿ ಇರುವಾಗ ಭವನದ ಹೀರಿಕೆ ಸುಮಾರು 110 ಚದರ ಮೀಟರಿಗೆ ಸಮ. ಕುಳಿತ ಕೇಳುಗನೊಬ್ಬ 0.4 ಚದರ ಮೀಟರಿನಷ್ಟು ಹೀರುತ್ತಾನೆ ಎಂದು ಇಟ್ಟುಕೊಳ್ಳಿ. ಇನ್ನೂರೈವತ್ತು ಜನ ಬಂದು ಕುಳಿತರೆ ಇನ್ನೊಂದು ನೂರು ಸೇರಿ 210 ಆಗುತ್ತದೆ. ಆಗ ಅನುರಣನ 1.2 ಸೆಕೆಂಡಿಗೂ ತುಸು ಕಡಿಮೆ. ಕರ್ನಾಟಕ ಸಂಗೀತದ ಗಾಯನಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಸಾಹಿತ್ಯವೂ ತಿಳಿಯುತ್ತದೆ, ಸ್ವರ ತೂಗುವ ಗಮಕದ ಬಾಲವೂ ಉಳಿಯುತ್ತದೆ. ಈ ಭವನದ ಕೊನೆಯ ಹೊಂದಿಕೆ ಮಾಡುವವರು ಕೇಳುಗರೇ.

ಹಾಗಾಗಿ ನನ್ನ ಸಲಹೆ ಇದು: ಸ್ಟುಡಿಯೊಗೆಂದು ಬೇರೆ ಕೋಣೆ ಹುಡುಕಬೇಡಿ. ಸಭಾಂಗಣವನ್ನೇ ಮುದ್ರಣದ ಕೋಣೆ ಮಾಡಿಕೊಳ್ಳಿ. ಯಂತ್ರಗಳು, ಕೇಳಿ ಹೊಂದಿಸುವ ಕೋಣೆ, ಅಷ್ಟು ಮಾತ್ರ ಪಕ್ಕದಲ್ಲಿ ಎಲ್ಲಾದರೂ ಇರಲಿ. ಕೇಳುಗರಿಲ್ಲದೆ ಮುದ್ರಿಸುವ ದಿನ ಎರಡೂ ಪಕ್ಕದ ಗೋಡೆಗಳ ಉದ್ದಕ್ಕೆ, ಗೋಡೆಯಿಂದ ಒಂದು ಗೇಣು ಬಿಟ್ಟು, ಎರಡೂವರೆ ಮೀಟರ್ ಎತ್ತರದ ದಪ್ಪ ನೆರಿಗೆ ಪರದೆ ಎಳೆಯಿರಿ. 90 ಚದರ ಮೀಟರ್ ಪರದೆ ಸುಮಾರು 50ರಷ್ಟು ಹೀರುತ್ತದೆ, ಅನುರಣನ 1.5ಕ್ಕೆ ಇಳಿಯುತ್ತದೆ. ನೆಲಕ್ಕೆ ಜಮಖಾನ ಹಾಸಿದರೆ ಇನ್ನೂ ಒಳ್ಳೆಯದು. ಕಚೇರಿಯ ದಿನ ಪರದೆ ಸರಿಸಿಬಿಟ್ಟರೆ ಭವನ ಮೊದಲಿನಂತೆಯೇ.

ಹಿನ್ನೆಲೆ ಸದ್ದಿನ ಬಗ್ಗೆ ಮುಚ್ಚಿಡುವುದಿಲ್ಲ. ಸ್ಟುಡಿಯೊ ಎಂದರೆ 20ರಿಂದ 25 ಡೆಸಿಬೆಲ್ ಇರಬೇಕು. ಹೆಂಚಿನ ಸಂದುಗಳಿರುವ ಸೂರಿನಲ್ಲಿ ಅದು ಸಾಧ್ಯವಿಲ್ಲ. ಸಾಧ್ಯವಾಗಿಸಲು ಹೊರಟರೆ ಭವನ ಉಳಿಯುವುದಿಲ್ಲ. 33 ಇರುವ ರಾತ್ರಿಯನ್ನು ಬಳಸಿಕೊಳ್ಳಿ. ಮಳೆಗಾಲದ ರಾತ್ರಿಗಳನ್ನು ಮಾತ್ರ ಮರೆತುಬಿಡಿ.

ಗಾರೆ ಕೆಲಸ

ಹಳೆಯ ಕಟ್ಟಡಗಳ ಜೀರ್ಣೋದ್ಧಾರ ಮಾಡುವ ವಾಸ್ತುಶಿಲ್ಪಿ ನಾನು. ಗುತ್ತಿಗೆದಾರರ ನಕ್ಷೆಯ ಬಗ್ಗೆ ಮೂರು ಮಾತು ಹೇಳಬೇಕು, ಕೋಪ ಬಂದಿದೆ, ಆದರೂ ಶಾಂತವಾಗಿ ಬರೆಯುತ್ತೇನೆ.

ನಿಜವಾದ ಸ್ಟುಡಿಯೊ ಎಂದರೆ ಕೋಣೆಯೊಳಗೆ ಕೋಣೆ. ಒಳಕೋಣೆಯ ನೆಲ ರಬ್ಬರ್ ಗುಂಡುಗಳ ಮೇಲೆ ಕುಳಿತಿರಬೇಕು, ಹೊರಗೋಡೆಯನ್ನು ಎಲ್ಲಿಯೂ ತಾಗಬಾರದು. ಅಂಥ ನೆಲಕ್ಕೆ 100 ಮಿಲಿಮೀಟರ್ ಕಾಂಕ್ರೀಟ್ ಹಾಕಿದರೆ ಚದರ ಮೀಟರಿಗೆ 240 ಕಿಲೊ. ಸಭಾಂಗಣದ ಮೂರನೇ ಒಂದು ಪಾಲು 72 ಚದರ ಮೀಟರ್. ನೆಲವೊಂದೇ 17 ಟನ್ ದಾಟುತ್ತದೆ, ಗೋಡೆ ಚಾವಣಿ ಇನ್ನೂ ಸೇರಿಲ್ಲ. ಎಂಬತ್ತು ವರ್ಷ ಒಂದು ತೂಕಕ್ಕೆ ಒಗ್ಗಿಕೊಂಡ ಮಣ್ಣು ಒಂದು ಮೂಲೆಯಲ್ಲಿ ಅಷ್ಟು ಭಾರ ಬಿದ್ದರೆ ಕುಸಿಯುತ್ತದೆ, ಮೊದಲ ಬಿರುಕು ಕಿಟಕಿಯ ಕಮಾನಿನ ಮೇಲೆ ಕಾಣಿಸುತ್ತದೆ.

ಎರಡನೆಯದು ಸುಣ್ಣದ ಗಾರೆ. ಅದು ಉಸಿರಾಡುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಫೋಮ್ ಅಂಟಿಸಿದರೆ, ಇಲ್ಲವೇ ಸಿಮೆಂಟ್ ಬಳಿದರೆ, ತೇವ ಒಳಗೇ ನಿಂತು ಗಾರೆ ಪುಡಿಯಾಗಿ ಉದುರುತ್ತದೆ. ಅಂಟಿಸಿದ್ದನ್ನು ಕಿತ್ತ ದಿನ ಗೋಡೆಯ ಚರ್ಮವೂ ಜೊತೆಗೆ ಬರುತ್ತದೆ. ನಾನು ಒಂದು ಕಟ್ಟಡದಲ್ಲಿ ಇದನ್ನು ಕೈಯಾರೆ ಕಿತ್ತು ನೋಡಿದವನು.

ಮೂರನೆಯದು ಜಿಪ್ಸಮ್ ಚಾವಣಿ. ಅದನ್ನು ಹಾಕಿದ ಮೇಲೆ ಹೆಂಚು ಸೋರುವುದು, ತೊಲೆಗೆ ಗೆದ್ದಲು ಹತ್ತುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ತೇಗಕ್ಕೂ ಗೆದ್ದಲು ಬರುತ್ತದೆ, ನೀರು ಕುಡಿದ ತುದಿಗಳಲ್ಲಿ ಬಂದೇ ಬರುತ್ತದೆ.

ನೀವು ಮಾಡುವುದೆಲ್ಲ ನಾಳೆ ಬಿಚ್ಚಿ ತೆಗೆಯುವಂತಿರಲಿ. ಪರದೆಯ ಕಂಬಿಯನ್ನು ಗೋಡೆಗೆ ಹೊಡೆಯದೆ ನೆಲದ ಮೇಲೆ ನಿಲ್ಲುವ ಕಂಬಗಳಿಗೆ ಕಟ್ಟಿ. ಹೀರುವ ಫಲಕಗಳಿಗೆ ಮರದ ಚೌಕಟ್ಟು ಮಾಡಿಸಿ, ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ, ಹಿಂದೆ ಗಾಳಿಯಾಡಲಿ. ಕೇಬಲ್ಲಿಗೆ ಹೊಸ ತೂತು ಕೊರೆಯುವ ಮೊದಲು ಹಳೆಯ ಗಾಳಿಗಿಂಡಿಗಳನ್ನು ನೋಡಿ. ನಿಮ್ಮ ಕಾಲದ ಕಟ್ಟಡಗಳಲ್ಲಿ ಸೂರಿನಡಿ ಅವು ಇದ್ದೇ ಇರುತ್ತವೆ.

ಮೃದಂಗ, ಹನುಮಂತನಗರ

ಪಕ್ಕವಾದ್ಯದವರ ಕಡೆಯಿಂದ ಒಂದು ಮಾತು. ನಗರದ ಒಂದು ಹೊಸ ಸ್ಟುಡಿಯೊದಲ್ಲಿ ನನ್ನನ್ನು ಗಾಜಿನ ಗೂಡಿನಲ್ಲಿ ಒಬ್ಬನನ್ನೇ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಸದ್ದಿನ ಮೇಲೆ ಹಾಡಿಗೆ ಮೃದಂಗ ನುಡಿಸಲು ಹೇಳಿದರು. ಗಾಯಕಿ ಆಗಲೇ ಹಾಡಿ ಹೋಗಿದ್ದರು. ಅವರ ಮುಖ ನಾನು ನೋಡಲಿಲ್ಲ. ಅನುಪಲ್ಲವಿಯಲ್ಲಿ ಅವರು ಒಂದು ಕಡೆ ಕಾಲು ಅಕ್ಷರ ತಡೆದಿದ್ದಾರೆ. ಎದುರಿಗಿದ್ದರೆ ಅವರು ಉಸಿರೆಳೆಯುವುದು ನೋಡಿಯೇ ನನ್ನ ಕೈ ತಡೆಯುತ್ತಿತ್ತು. ಗೂಡಿನಲ್ಲಿ ಕುಳಿತ ನಾನು ಮುಂದೆ ಹೋಗಿಬಿಟ್ಟೆ. ಅವರು ಕಂಪ್ಯೂಟರಿನಲ್ಲಿ ಅದನ್ನು ಜರುಗಿಸಿ ಸರಿಮಾಡಿದರು. ಆ ಧ್ವನಿಮುದ್ರಿಕೆಯನ್ನು ನಾನು ಮನೆಯಲ್ಲಿ ಹಾಕಿಲ್ಲ.

ಆದ್ದರಿಂದ ಸಭಾಂಗಣದಲ್ಲೇ, ಎಲ್ಲರೂ ಒಟ್ಟಿಗೆ ಎನ್ನುವುದಾದರೆ ನನ್ನ ಒಂದು ತಿಂಗಳ ಸಂಭಾವನೆ ನಿಮಗೆ.

ಹವಾನಿಯಂತ್ರಣ ಹಾಕಿಸುವಿರಾದರೆ ಒಂದು ಎಚ್ಚರಿಕೆ. ಒಣಗಾಳಿಗೆ ಚರ್ಮ ಬಿಗಿಯುತ್ತದೆ, ಶ್ರುತಿ ಏರುತ್ತದೆ. ವೀಣೆಯವರಿಗೆ ಮೇಣದ ಚಿಂತೆ ಬೇರೆ. ಕಲಾವಿದರು ಬಂದು ಅರ್ಧ ಗಂಟೆಯಾದರೂ ವಾದ್ಯಗಳನ್ನು ಆ ಗಾಳಿಯಲ್ಲಿ ಇಟ್ಟು ಆಮೇಲೆ ಶ್ರುತಿ ಮಾಡಿಕೊಳ್ಳಲು ಬಿಡಿ.

ತಂತಿ ಕೆಲಸ

ಯಾರೂ ವಿದ್ಯುತ್ ವಿಷಯ ಎತ್ತಿಲ್ಲ. ಹಳೆಯ ಭವನದಲ್ಲಿ ಮುದ್ರಣ ಹಾಳಾಗುವುದು ಬಹುಪಾಲು ಅಲ್ಲಿಯೇ. ಮೈಕುಗಳ ಸದ್ದು ಕೂಡಿಸುವ ಮಿಕ್ಸರಿಗೆ ಒಂದು ಕಡೆಯ ಅರ್ತ್, ಕಂಪ್ಯೂಟರಿಗೆ ಇನ್ನೊಂದು ಕಡೆಯದು ಆದರೆ 50 ಹರ್ಟ್ಸಿನ ಗುಂಯ್‌ಗುಡುವಿಕೆ ಎಲ್ಲ ಮೈಕುಗಳಲ್ಲೂ ಕುಳಿತುಕೊಳ್ಳುತ್ತದೆ. ಸ್ಟುಡಿಯೊ ಸಲಕರಣೆಗಳಿಗೆ ಮುಖ್ಯ ಫಲಕದಿಂದಲೇ ಪ್ರತ್ಯೇಕ ಲೈನ್ ಎಳೆಯಿರಿ, ನಡುವೆ ಅವುಗಳನ್ನು ಉಳಿದ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲಿ, ಅರ್ತ್ ಎಲ್ಲವೂ ಒಂದೇ ಬಿಂದುವಿಗೆ ಬಂದು ಸೇರಲಿ. ದೀಪದ ಡಿಮ್ಮರ್ ಮತ್ತು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳನ್ನು ಆ ಲೈನಿನ ಹತ್ತಿರ ಸೇರಿಸಬೇಡಿ. ಅವುಗಳ ಜಿರ್ರೆನ್ನುವ ಸದ್ದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿ ತೆಗೆಯಲಾರದು. ಮೈಕಿನ ತಂತಿ ವಿದ್ಯುತ್ ತಂತಿಯನ್ನು ದಾಟಲೇಬೇಕಾದರೆ ಅಡ್ಡಕ್ಕೆ ದಾಟಲಿ, ಜೊತೆಜೊತೆಗೆ ಓಡುವುದು ಬೇಡ.

ಹಾಗೆಯೇ ಪಿವಿಸಿ ಕೊಳವೆ ಬರುವ ಮೊದಲಿನ, ಮರದ ಪಟ್ಟಿಯ ಮೇಲೆ ಓಡಿದ ತಂತಿಗಳು ಇನ್ನೂ ಇದ್ದರೆ ಅವನ್ನು ಮೊದಲು ತೆಗೆಸಿ. ಒಣಗಿದ ತೇಗದ ಚಾವಣಿಯ ಕೆಳಗೆ ಅವು ಇರಬಾರದು.

ಪಿಟೀಲು, ವಿಜಯನಗರ

ಹೊರಗಿನ ಎರಡು ಉದಾಹರಣೆ ಕೊಡುತ್ತೇನೆ, ಸಮಿತಿಯಲ್ಲಿ ಹೇಳಲು ಉಪಯೋಗವಾಗಬಹುದು.

ವಿಯೆನ್ನಾದ ಸೋಫಿಯೆನ್‌ಸಾಲ್ ಮೊದಲು ಸ್ನಾನಗೃಹ. ಈಜುಕೊಳದ ಮೇಲೆ ಹಲಗೆ ಹಾಸಿ ಅದನ್ನು ನೃತ್ಯಶಾಲೆ ಮಾಡಿದರು. ಹಲಗೆಯಡಿಯ ಆ ಪೊಳ್ಳೇ ಅದಕ್ಕೆ ನಾದ ಕೊಟ್ಟಿತು ಎನ್ನುತ್ತಾರೆ, ನಮ್ಮ ವೀಣೆಯ ಕೊಡದ ಹಾಗೆ. ಡೆಕ್ಕಾ ಎಂಬ ಧ್ವನಿಮುದ್ರಿಕೆ ಕಂಪನಿ 1958ರಿಂದ 1965ರವರೆಗೆ ಜರ್ಮನ್ ಸಂಗೀತಕಾರ ವಾಗ್ನರನ ನಾಲ್ಕು ದೊಡ್ಡ ಅಪೆರಾಗಳ, ಅಂದರೆ ಸಂಗೀತ ನಾಟಕಗಳ, ಮಾಲೆಯನ್ನು ಸೋಲ್ಟಿಯ ನಿರ್ದೇಶನದಲ್ಲಿ ಮುದ್ರಿಸಿದ್ದು ಅಲ್ಲಿಯೇ. ಸಭಾಂಗಣವನ್ನು ಕೊಯ್ಯಲಿಲ್ಲ, ಯಂತ್ರಗಳನ್ನು ಬೇರೆ ಕೋಣೆಯಲ್ಲಿಟ್ಟರು. 2001ರಲ್ಲಿ ಬೆಂಕಿ ಬಿದ್ದು ಸಭಾಂಗಣ ಸುಟ್ಟಿತು. ಮೇಲಿನ ವಿದ್ಯುತ್ ತಜ್ಞರ ಕೊನೆಯ ಮಾತನ್ನು ದಯವಿಟ್ಟು ಎರಡು ಸಲ ಓದಿ.

ಇನ್ನೊಂದು ಲಂಡನ್ನಿನ ಕಿಂಗ್ಸ್‌ವೇ ಹಾಲ್. ಅದರಡಿಯಲ್ಲೇ ನೆಲದೊಳಗಿನ ರೈಲು ಓಡುತ್ತಿತ್ತು. 1980ರ ದಶಕದವರೆಗೂ ಅಲ್ಲಿ ಮುದ್ರಣ ನಡೆದಿದೆ, ಹಲವು ಧ್ವನಿಮುದ್ರಿಕೆಗಳಲ್ಲಿ ಮೆಲುದನಿಯ ಜಾಗಗಳಲ್ಲಿ ರೈಲಿನ ಗುಡುಗು ಈಗಲೂ ಕೇಳುತ್ತದೆ. ಹಾಗಿದ್ದೂ ಆ ಕೋಣೆಯ ನಾದಕ್ಕಾಗಿ ಜನ ಅಲ್ಲಿಗೇ ಹೋಗುತ್ತಿದ್ದರು. ನಮ್ಮ ಮೆಟ್ರೊದ ಹಸಿರು ಮಾರ್ಗ ಕೃಷ್ಣರಾಜ ಮಾರುಕಟ್ಟೆಯವರೆಗೆ ನೆಲದಡಿ, ನ್ಯಾಷನಲ್ ಕಾಲೇಜಿನ ಹೊತ್ತಿಗೆ ತಲೆಯ ಮೇಲೆ. ನಿಮ್ಮ ಭವನಕ್ಕೆ ಅದರ ಕಂಪನ ಬರುತ್ತದೆಯೇ ಎಂದು ಒಮ್ಮೆ ನೋಡಿಸಿ. ಬಂದರೆ ಮೈಕಿನ ಕಂಬಗಳಡಿಗೆ ರಬ್ಬರ್ ಹಾಕಿ, ಕೊನೆಯ ರೈಲು ಹೋದ ಮೇಲೆ ಆಲಾಪನೆ ಶುರುಮಾಡಿ.

ಹಳೆಯ ಕೇಳುಗ, ಚಾಮರಾಜಪೇಟೆ

1939ರಿಂದ ನಡೆದುಬಂದ ನಮ್ಮ ರಾಮನವಮಿ ಕಚೇರಿಗಳಲ್ಲಿ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದೊಳಕ್ಕೆ ಬಸ್ಸಿನ ಹಾರ್ನ್ ಬರುತ್ತಲೇ ಇರುತ್ತದೆ. ರಾಗ ಕೆಟ್ಟದ್ದಿಲ್ಲ. ಈ ಮಾತು ನನಗೆ ಒಪ್ಪಿಗೆ.

ಸ್ಪೂಲ್ ಟೇಪ್

ಬಾನುಲಿಯಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು. ಬೆಂಗಳೂರು ಆಕಾಶವಾಣಿ ಶುರುವಾದದ್ದು 1955ರ ನವೆಂಬರ್ 2ರಂದು. ನಾವು ಸೇರುವ ಹೊತ್ತಿಗೆ ಅಲ್ಲಿ ಪಳಗಿದ ಹಿರಿಯರಿದ್ದರು. ಅವರಿಂದ ಕಲಿತದ್ದು ಒಂದೇ: ಮೈಕ್ ಇಡುವ ಮೊದಲು ಕೋಣೆಯಲ್ಲಿ ಓಡಾಡಿ ಕೇಳು, ಎಲ್ಲಿ ಕಿವಿಗೆ ಸೊಗಸೋ ಅಲ್ಲಿಯೇ ಮೈಕಿಗೂ ಸೊಗಸು.

ಮುಖ್ಯ ಮೈಕುಗಳ ಜೋಡಿಯನ್ನು ವೇದಿಕೆಯ ಮುಂದೆ ಎರಡು ಮೀಟರ್ ದೂರ, ಎರಡೂವರೆ ಮೀಟರ್ ಎತ್ತರದಲ್ಲಿ ನಿಲ್ಲಿಸಿ. ಎರಡು ಮೈಕುಗಳ ನಡುವೆ 17 ಸೆಂಟಿಮೀಟರ್, ಮುಖಗಳ ನಡುವೆ 110 ಡಿಗ್ರಿ. ಹತ್ತಿರದ ಮೈಕುಗಳು ಬೇಕಾದಷ್ಟೇ ಇರಲಿ: ಹಾಡಿಗೆ ಒಂದು, ಪಿಟೀಲಿಗೆ ಒಂದು, ಮೃದಂಗದ ಎರಡೂ ಮುಖಕ್ಕೆ ಒಂದೊಂದು, ಘಟವೋ ಖಂಜಿರವೋ ಇದ್ದರೆ ಇನ್ನೊಂದು. ಕೇಳುಗರ ಕಡೆಗೆ ಎರಡು. ಒಂದೊಂದು ಮೈಕಿಗೆ ಒಂದು ಚಾನೆಲ್ ಎಂದರೂ ಹದಿನಾರು ಸಾಕೋ ಸಾಕು. 24 ಬಿಟ್, 48 ಕಿಲೊಹರ್ಟ್ಸ್‌ ಗುಣಮಟ್ಟದಲ್ಲಿ ಮೂರು ಗಂಟೆಯ ಕಚೇರಿ ಹದಿನಾರು ಚಾನೆಲ್ಲಿಗೆ ಸುಮಾರು 25 ಜಿಬಿ ಆಗುತ್ತದೆ. ಎರಡು ಕಡೆ ಏಕಕಾಲಕ್ಕೆ ಬರೆಸಿ.

ಕಚೇರಿಯ ದಿನ ಸಭಾಂಗಣದ ಸ್ಪೀಕರುಗಳ ಅಬ್ಬರ ಇಳಿಸುವ ಧೈರ್ಯ ಮಾಡಿ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಬಂದು ಬಿದ್ದರೆ ಎಷ್ಟು ಬೆಲೆಯ ಮೈಕ್ ಆದರೂ ವ್ಯರ್ಥ. ಮೈಕ್ ಸರಿಸಿ ಹಾಡಿದರೂ ಕೇಳುವ ಭವನ ಎಂದು ನೀವೇ ಬರೆದಿದ್ದೀರಿ.

ಕೊನೆಯದಾಗಿ, ಮೇಡಂ, ನಿಮ್ಮ ಉಗ್ರಾಣದಲ್ಲಿ ಹಳೆಯ ಟೇಪುಗಳೇನಾದರೂ ಇವೆಯೇ? ಅಷ್ಟು ಹಳೆಯ ಸಭೆಯಲ್ಲಿ ಇರದೆ ಹೋಗುವುದಿಲ್ಲ.

ವಕೀಲ ವೃತ್ತಿ

ಮುದ್ರಣ ಶುರುವಾಗುವ ಮೊದಲೇ ಒಪ್ಪಂದದ ಪತ್ರ ಸಿದ್ಧಪಡಿಸಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಚೇರಿ ಮಾಡಿದ ಕಲಾವಿದರಿಗೆ ಅವರ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ, ಧ್ವನಿಮುದ್ರಣಕ್ಕೆ 60 ವರ್ಷ. 2012ರ ತಿದ್ದುಪಡಿ ಕಲಾವಿದರ ಹಕ್ಕನ್ನು ಇನ್ನಷ್ಟು ಗಟ್ಟಿಮಾಡಿದೆ. ಪಕ್ಕವಾದ್ಯದವರೂ ಕಲಾವಿದರೇ, ಅವರ ಸಹಿಯೂ ಬೇಕು. ತ್ಯಾಗರಾಜರ ಕೀರ್ತನೆಗೆ ತೊಡಕಿಲ್ಲ, ಇತ್ತೀಚಿನ ವಾಗ್ಗೇಯಕಾರರ ಕೃತಿಗಳಿಗೆ ಅವರು ತೀರಿಕೊಂಡು 60 ವರ್ಷ ಆಗುವವರೆಗೆ ಅನುಮತಿ ಬೇಕು. ಟೇಪು ನಿಮ್ಮ ಕಪಾಟಿನಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಪ್ರಕಟಿಸುವ ಹಕ್ಕು ನಿಮಗೆ ಬರುವುದಿಲ್ಲ.

ಕಾರ್ಯದರ್ಶಿ, ಬಸವನಗುಡಿ

ಸಮಿತಿಯ ಸಭೆ ನಿನ್ನೆ ಮುಗಿಯಿತು. ನಾಲ್ಕು ಗಂಟೆ ನಡೆಯಿತು. ನಿಮ್ಮೆಲ್ಲರ ಬರಹಗಳನ್ನು ಅಚ್ಚು ಹಾಕಿಸಿ ಹಂಚಿದ್ದೆ.

ಅಡ್ಡಗೋಡೆ, ಫೋಮ್, ಜಿಪ್ಸಮ್ ಮೂರೂ ಬಿದ್ದುಹೋದವು. 17 ಟನ್ ಎಂಬ ಲೆಕ್ಕ ಓದಿದಾಗ ದಾನಿಗಳ ಹಿರಿಯ ಮಗನೇ ನಕ್ಷೆಯನ್ನು ಮಡಚಿಟ್ಟರು. ಕೇಳಿ ಹೊಂದಿಸುವ ಕೋಣೆಗೆ ಮೊದಲು ಕಲಾವಿದರ ಕೋಣೆ ಸೂಚಿಸಿದರು. ಅಲ್ಲಿ ಜಗಳವೇ ಆಯಿತು. ಕಚೇರಿಗೆ ಮೊದಲು ತಂಬೂರಿ ಮೀಟಿ ಕಾಫಿ ಕುಡಿಯುವ ಆ ಕೋಣೆಯನ್ನು ಬಿಡಲು ಯಾರೂ ಸಿದ್ಧರಿರಲಿಲ್ಲ, ನಾನೂ ಇರಲಿಲ್ಲ. ಕೊನೆಗೆ ವೇದಿಕೆಯ ಹಿಂದಿನ ಉಗ್ರಾಣ ಎಂದಾಯಿತು. ನಾಲ್ಕು ಮೀಟರ್ ಅಗಲ, ಏಳು ಉದ್ದ, ಕಲ್ಲುಚಪ್ಪಡಿಯ ನೆಲ. ಮುರಿದ ಕುರ್ಚಿಗಳನ್ನು ಹೊರಹಾಕಬೇಕಷ್ಟೇ. ಗಾಳಿಗಿಂಡಿ ನಿಜವಾಗಿಯೂ ಇದೆ, ಕೇಬಲ್ಲುಗಳು ಅದರೊಳಗೇ ಹಾಯುತ್ತವೆ, ಒಂದು ತೂತೂ ಕೊರೆಯಬೇಕಾಗಿಲ್ಲ. ವಿದ್ಯುತ್ ತಂತಿ ಪೂರ್ತಿ ಹೊಸದು, ಅದಕ್ಕೇ ಮೊದಲ ಹಣ.

ಗಿಟಾರ್ ತಮ್ಮಾ, ನಿಮ್ಮಂಥವರಿಗೂ ದಿನಗಳನ್ನು ಬಾಡಿಗೆಗೆ ಕೊಡಲು ಒಪ್ಪಿದ್ದಾರೆ. ಒಂದು ತೊಡಕಿದೆ. ನಿಮ್ಮ ಡ್ರಮ್ಮಿನ ಸದ್ದು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತದೆ, ರಾತ್ರಿ ಹತ್ತರ ನಂತರ ಸಾಧ್ಯವಿಲ್ಲ.

ಗಿಟಾರ್, ಮಲ್ಲೇಶ್ವರ

ಹಗಲೇ ಸಾಕು, ಅಕ್ಕಾ. ಡ್ರಮ್ ನುಡಿಯುವಾಗ ಹೊರಗಿನ 52 ಡೆಸಿಬೆಲ್ ನಮಗೆ ಕೇಳಿಸುವುದೂ ಇಲ್ಲ. ವೀಣೆಯವರಿಗೆ ರಾತ್ರಿ, ನಮಗೆ ಹಗಲು. ಪರದೆ ಎಳೆದೂ ಒಮ್ಮೆ, ಸರಿಸಿಯೂ ಒಮ್ಮೆ ಮುದ್ರಿಸಿ ನೋಡಬೇಕೆಂಬ ಆಸೆ ಈಗಲೇ ಹುಟ್ಟಿದೆ. ಪಿಸುದನಿಯ ಹಾಡಿಗೆ ಮೊಳಗಿಲ್ಲದ ಸಣ್ಣ ಜಾಗವೊಂದು ಬೇಕಾಗುತ್ತದೆ. ಉಗ್ರಾಣದ ಒಂದು ಮೂಲೆಗೆ ನಾಲ್ಕು ಫಲಕ ನಿಲ್ಲಿಸಿ ಮೇಲೆ ಕಂಬಳಿ ಹೊದಿಸಿದರೆ ಅದೂ ಆಯಿತು.

ಹಳೆಯ ಕೇಳುಗ, ಚಾಮರಾಜಪೇಟೆ

ಕೇಳುಗರಿಲ್ಲದೆ ಮುದ್ರಿಸುವ ರಾತ್ರಿಗಳ ಬಗ್ಗೆ ನನ್ನ ತಕರಾರು ಉಳಿದೇ ಇದೆ. ಶಹಬ್ಬಾಸ್ ಎನ್ನುವವರಿಲ್ಲದೆ ಕಲ್ಪನಾಸ್ವರ ಎಲ್ಲಿಗೆ ಏರುತ್ತದೆ? ಇಪ್ಪತ್ತು ಜನರನ್ನಾದರೂ ಕೂರಿಸಿ. ಕೆಮ್ಮುವುದಿಲ್ಲ ಎಂದು ಮಾತು ಕೊಟ್ಟು ನಾನು ಮೊದಲ ಸಾಲಿಗೆ ಬರುತ್ತೇನೆ.

ಕಾರ್ಯದರ್ಶಿ, ಬಸವನಗುಡಿ

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮೊದಲ ಪ್ರಯೋಗ ಕಳೆದ ಶನಿವಾರ ರಾತ್ರಿ ಹತ್ತೂಮುಕ್ಕಾಲಕ್ಕೆ ನಡೆಯಿತು. ಹಾಡುಗಾರಿಕೆ, ಪಿಟೀಲು, ಮೃದಂಗ. ಮೃದಂಗದವರು ಹನುಮಂತನಗರದವರೇ, ಸಂಭಾವನೆ ಮುಟ್ಟಲಿಲ್ಲ. ಇಪ್ಪತ್ತೆರಡು ಕೇಳುಗರು. ಸ್ಪೀಕರ್ ಹಾಕಲೇ ಇಲ್ಲ.

ಖರಹರಪ್ರಿಯದ ಆಲಾಪನೆಯ ನಡುವೆ ಹೊರಗೆ ಒಂದು ಆಟೊ ಹಾದುಹೋಯಿತು. ಗಾಯಕಿ ಮಂದ್ರ ಪಂಚಮದಲ್ಲಿ ನಿಂತು, ಅದು ತಿರುವಿನಲ್ಲಿ ಮರೆಯಾಗುವವರೆಗೆ ಕಾದು, ಅಲ್ಲಿಂದಲೇ ಎತ್ತಿಕೊಂಡರು. ಉಗ್ರಾಣದಲ್ಲಿ ಕುಳಿತು ಮರುದಿನ ಕೇಳಿದಾಗ ಆ ನಿಲುಗಡೆಯಲ್ಲಿ ಹಲಗೆಯ ಚಾವಣಿಯಿಂದ ಪಂಚಮ ಇಳಿದು ಬರುವುದು ಕೇಳಿಸಿತು. ಬಲೂನಿನ ಕಡತದಲ್ಲಿ ಶಬ್ದ ಅಳೆಯುವವರು ಹೇಳಿದ ಇಳಿತ ಅದೇ ಇರಬೇಕು. ಆ ಜಾಗ ಕತ್ತರಿಸೋಣವೇ ಎಂದು ಯಂತ್ರ ನೋಡಿಕೊಳ್ಳುವ ಹುಡುಗ ಕೇಳಿದ. ಬೇಡ ಎಂದೆ.

ಸ್ಪೂಲ್ ಟೇಪ್ ಅವರಿಗೆ: ಮುರಿದ ಕುರ್ಚಿಗಳ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಸಿಕ್ಕಿತು. ಒಳಗೆ 41 ಸ್ಪೂಲುಗಳು, ಕ್ಯಾಸೆಟ್ಟುಗಳು ಒಂದು ಗೋಣಿಚೀಲ. ಕೆಲವಕ್ಕೆ ಬೂಷ್ಟು ಹಿಡಿದಿದೆ. ನಾಲ್ಕೈದು ಸ್ಪೂಲುಗಳಿಂದ ಹುಳಿವಾಸನೆ ಬರುತ್ತಿದೆ. ಒಂದರ ಮೇಲೆ ನನ್ನ ಅಮ್ಮನ ಅಕ್ಷರದಲ್ಲಿ ತಾರೀಖು ಇದೆ. ಏನು ಮಾಡಲಿ?

ಸ್ಪೂಲ್ ಟೇಪ್

ಯಾವುದನ್ನೂ ಯಂತ್ರಕ್ಕೆ ಹಾಕಬೇಡಿ, ಒಂದು ಸುತ್ತು ಕೂಡ ತಿರುಗಿಸಬೇಡಿ. ಹುಳಿವಾಸನೆ ಬರುವವನ್ನು ಇವತ್ತೇ ಬೇರೆ ಪೆಟ್ಟಿಗೆಗೆ ತೆಗೆಯಿರಿ. ಅದು ಟೇಪಿನ ಅಸಿಟೇಟ್ ಪಟ್ಟಿ ಕೊಳೆಯುವ ವಾಸನೆ, ಆ ಕೊಳೆತ ಪಕ್ಕದವಕ್ಕೂ ಹಬ್ಬುತ್ತದೆ. ಬೂಷ್ಟು ಹಿಡಿದವನ್ನು ಒರೆಸಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮುಟ್ಟಿ. ಎಲ್ಲವನ್ನೂ ಸ್ಪೀಕರುಗಳಿಂದ ದೂರ, ನೆಲದಿಂದ ಮೇಲೆ, ನಿಲ್ಲಿಸಿ ಇಡಿ. ಪೆಟ್ಟಿಗೆಯ ಮೇಲಿನ ಬರಹಗಳ ಚಿತ್ರ ತೆಗೆದು ಕಳುಹಿಸಿ.

ಗುರುವಾರ ಬೆಳಗ್ಗೆ ಹತ್ತಕ್ಕೆ ನನ್ನ ಹಳೆಯ ಯಂತ್ರ ತೆಗೆದುಕೊಂಡು ಬರುತ್ತೇನೆ. ಅದರ ಟೇಪು ಓದುವ ತಲೆ ತೊಳೆದು ಸಿದ್ಧಮಾಡಲು ಎರಡು ದಿನ ಬೇಕು. ಅಮ್ಮನವರ ಟೇಪನ್ನು ಮೊದಲು ತೆಗೆದುಕೊಳ್ಳೋಣ.